ಮತದ ಹಕ್ಕಿನ ಪಾಠ

ಮರವಂತೆ
೧೨-೮-೨೦೦೪

ಮಾನ್ಯ ಪ್ರಾಂಶುಪಾಲರೇ,

ಮತದ ಹಕ್ಕಿಗಾಗಿ ಬ್ರಿಟನ್ನಿನ ಹೆಂಗಸರು ಹೋರಾಡಿದ ಪಾಠವನ್ನು ಅಂತಿಮ ಬಿ.ಎ.ಗೆ ಮಾಡಿದ್ದು ನಾನೇ. ಮರುದಿನ ಹುಡುಗಿಯರು ನಿಮ್ಮ ಕೋಣೆಯೆದುರು ಕುಳಿತು, ಗ್ರಂಥಾಲಯದ ಓದುವ ಕೋಣೆ ಹುಡುಗರಿಗೆ ಮಾತ್ರ ಯಾಕೆಂದು ಕೇಳಿದರು. ಅವರನ್ನು ನಾನು ಕಳಿಸಲಿಲ್ಲ. “ನಾವೂ ಹೋಯಿ ಕೇಂಬುದಾ ಮೇಡಂ?” ಎಂದು ಆ ತರಗತಿಯ ಶ್ರೀಲತಾ ಕೇಳಿದಾಗ ತಡೆಯಲೂ ಇಲ್ಲ. ನೀವು ಅವರಿಗೆ ಓದುವ ಕೋಣೆ ತೆರೆಸಿದಿರಿ, ನನಗೆ ನೋಟಿಸು ಕೊಟ್ಟಿರಿ.

ಕ್ಷಮೆ ಕೇಳಿ ಆ ಪಾಠ ಬಿಡಬೇಕಂತೆ. ನಾನು ಆರು ವರ್ಷ ಸಂಶೋಧನೆ ಮಾಡಿದ್ದು ಅದರ ಮೇಲೆಯೇ, ಬಿಡಲಾರೆ. ಮೀನು ಮಾರುವ ನನ್ನ ಅಮ್ಮ ನೋಟಿಸು ಓದಿಸಿಕೊಂಡು, “ಪಾಠ ಮಾಡುಕಲ್ದಾ ನಿನ್ನ ಇಟ್ಕಂಡದ್ದ್? ಹೆದ್ರುದ್ ಎಂತಕ್ಕೆ?” ಎಂದಳು.

ಸೋಮವಾರ ರಷ್ಯಾದ ಕ್ರಾಂತಿ ಶುರುಮಾಡುತ್ತೇನೆ. ಈಗ ಬಿ.ಕಾಂ. ಹುಡುಗಿಯರೂ ಬಂದು ಕೂರುತ್ತಿದ್ದಾರೆ. ದಯವಿಟ್ಟು ಇನ್ನೆರಡು ಬೆಂಚು ಕಳಿಸಿಕೊಡಿ.

ಇತಿ,
ರಾಜೀವಿ
ಇತಿಹಾಸ ಉಪನ್ಯಾಸಕಿ