ಗಾಳಿಯ ದಿನ ನೀವು ಕೊಟ್ಟ ನೂಲು

ಗಾಳ ಹಿಡಿಯಲು ಕಲಿಸಿದ ಅತ್ತೆಗೆ,

ನೀವು ಹೋಗಿ ಎರಡು ವರ್ಷವಾಯಿತು. ಎದುರಿಗೆ ಕೇಳಲು ಧೈರ್ಯ ಸಾಲದ ಒಂದು ಮಾತಿದೆ, ಈಗ ಕೇಳುತ್ತೇನೆ. ಅಂದು ಹೊಳೆಯ ದಡದಲ್ಲಿ ನೀವು ಹೇಳಿದ್ದು ನಿಜವಾ?

ನಾನು ಕಡಬದಿಂದ ಅಜ್ಜಾವರಕ್ಕೆ ಮದುವೆಯಾಗಿ ಬಂದ ಮೊದಲ ಬೇಸಗೆ ನೆನಪಾಗುತ್ತದೆ. ಮಧ್ಯಾಹ್ನದ ಊಟ ಮುಗಿಸಿ ನೀವು ಪಯಸ್ವಿನಿಯ ಕಡೆ ಹೊರಟಿರಿ, ನಾನೂ ಹಿಂದೆ ಬಂದೆ. ನೀರಿನೊಳಗಿನ ಕಲ್ಲು ಮಗುಚಿ ಅದರ ಅಡಿಯಲ್ಲಿ ಅಂಟಿದ್ದ ಹುಳ ತೋರಿಸಿದಿರಿ. "ಮೀನು ತಿನ್ನುದು ಇದನ್ನು. ನಾವು ಹೀಗೇ ಮಾಡಿ ಕೊಡುದು" ಎಂದು ಕೊಕ್ಕೆಗೆ ಕಂದು ದಾರ ಸುತ್ತಿ ಅಂಥದೇ ಒಂದು ಹುಳ ಮಾಡಿದಿರಿ. ಅತ್ತೆಯೊಬ್ಬಳು ಸೊಸೆಗೆ ಅಡುಗೆ ಬಿಟ್ಟು ಗಾಳ ಕಲಿಸುವುದೆಂದರೆ! ನನಗೆ ಆಗಲೇ ಸಂಶಯ ಬರಬೇಕಿತ್ತು.

ಸಂಶಯ ಬಂದದ್ದು ಗಾಳಿ ಎದ್ದ ದಿನ. ನಿಮ್ಮ ನೂಲು ನೆಟ್ಟಗೆ ಹೋಗಿ ಸುಳಿಯ ಅಂಚಿನಲ್ಲಿ ಬಿದ್ದು ಮುಳುಗುತ್ತಿತ್ತು. ನನ್ನದು ಗಾಳಿಗೆ ಬಿಲ್ಲಿನಂತೆ ಬಾಗಿ, ಹುಳ ನೀರು ಮುಟ್ಟುವ ಮೊದಲೇ ಬದಿಯ ಪೊದೆಗೆ... ಮೀನು ಕಚ್ಚಿದರೂ ಕೈಗೆ ತಿಳಿಯುತ್ತಿರಲಿಲ್ಲ. ಅಪ್ಪಿತಪ್ಪಿ ದೊಡ್ಡದು ಸಿಕ್ಕರೆ ನೂಲೇ ತುಂಡು. ನೀವು ಆಚೆ ತಿರುಗಿದಾಗ ಎರಡೂ ನೂಲನ್ನು ಹಲ್ಲಿನ ನಡುವೆ ಇಟ್ಟು ನೋಡಿದೆ. ಕೊಕ್ಕೆಗೆ ಕಟ್ಟುವ ಕೊನೆಯ ಒಂದು ಮಾರು ನಿಮ್ಮದು ದಪ್ಪ, ಗಡುಸು. ನನ್ನದು ತಲೆಕೂದಲು.

"ಅತ್ತೆ, ನಿಮ್ಮ ನೂಲು ಬೇರೆ ಉಂಟಾ?"

"ಎಂತ ಬೇರೆ? ಒಂದೇ ಅಂಗಡಿದು."

ಸುಳ್ಳು ಹೇಳಲಿಲ್ಲ ನೀವು. ಸುಳ್ಯಕ್ಕೆ ಹೋದಾಗ ಆ ಅಂಗಡಿಯವರನ್ನೇ ಕೇಳಿದೆ. "ಅವ್ರು ಎರಡು ಬಗೆ ತಕೊಂಡು ಹೋಗ್ತಾರೆ. ಗಾಳಿಗೆ ಗಡುಸಿನದ್ದೇ ಆಗ್ಬೇಕಲ್ಲ. ತೆಳುದು ಸೊಸೆಗಂತೆ" ಎಂದರು. ನನ್ನ ಕಿವಿ ಬಿಸಿಯಾಯಿತು. ಊಟಕ್ಕೆ ಕೂತವರೆಲ್ಲ "ಇದು ಅಮ್ಮ ಹಿಡಿದದ್ದಾ?" ಎಂದೇ ಕೇಳಬೇಕು, ನನ್ನ ಹೆಸರು ಯಾರ ಬಾಯಲ್ಲೂ ಬರಬಾರದು, ಅಷ್ಟೇ ತಾನೆ?

ಅದಕ್ಕೇ ಕದ್ದೆ. ನಿಮ್ಮ ಉಂಡೆಯಿಂದ ಒಂದು ಮಾರು ಕತ್ತರಿಸಿ ನನ್ನದಕ್ಕೆ ಕಟ್ಟಿಕೊಂಡೆ. ಅಂದು ಗಾಳಿ ಜೋರಿತ್ತು, ಆದರೂ ಹುಳ ಹೇಳಿದ ಜಾಗಕ್ಕೇ ಹೋಗಿ ಬಿತ್ತು. ಎರಡನೇ ಎಸೆತಕ್ಕೆ ಕಚ್ಚಿತು. ನೂಲು ತುಂಡಾಗಲಿಲ್ಲ, ಅತ್ತೆ. ಪಾಚಿಯ ಮೇಲೆ ಜಾರಿದ್ದು ನನ್ನ ಕಾಲು. ಗಾಳದ ಕೋಲು ಬಿಡಲು ಮನಸ್ಸಾಗದೆ ಹೊಳೆಯ ನಡುವಿನ ಗುಂಡಿಯ ಕಡೆ ಹೋಗುತ್ತಿದ್ದವಳ ಜಡೆಗೆ ನೀವು ಕೈ ಹಾಕಿದಿರಿ. "ಬಿಡು! ಕೋಲು ಬಿಡು ಮಾರಾಯ್ತಿ!"

ದಡದಲ್ಲಿ ನೀರು ಕಕ್ಕುತ್ತಿದ್ದಾಗ ಹೇಳಿದಿರಿ: "ನಿನಗೆ ಈಜಲಿಕ್ಕೆ ಬರುದಿಲ್ಲ. ಹಿಡಿದದ್ದನ್ನು ಬಿಡುವ ಬುದ್ಧಿಯೂ ಇಲ್ಲ. ದೊಡ್ಡದು ಎಳೆದರೆ ನೂಲು ತುಂಡಾಗ್ಲಿ ಅಂತಲೇ ತೆಳುದು ಕೊಟ್ಟದ್ದು."

ನಿಜವಾ? ಇಲ್ಲವೇ ಸಿಕ್ಕಿಬಿದ್ದ ಗಳಿಗೆಯಲ್ಲಿ ಹೊಳೆದ ಮಾತಾ? ಅಷ್ಟು ಕಾಳಜಿ ಇದ್ದರೆ ಮೊದಲೇ ಹೇಳಬಹುದಿತ್ತಲ್ಲ. ಹೇಳಿದ್ದರೆ ನಾನು ಕೇಳುತ್ತಿದ್ದೆನಾ, ಅದು ಬೇರೆ...

ನಿಮ್ಮ ಕೊನೆಯ ಬೇಸಗೆಯಲ್ಲಿ ಬೆರಳು ನಡುಗುತ್ತಿತ್ತು, ನೂಲು ಕಟ್ಟಿಕೊಟ್ಟವಳು ನಾನು. ಕೊಟ್ಟ ಕೂಡಲೇ ನೀವು ಅದನ್ನು ಹಲ್ಲಿನ ನಡುವೆ ಇಟ್ಟು ನೋಡಿದಿರಿ. ಅಂದರೆ ಅಂದು ಆಚೆ ತಿರುಗಿದ್ದವರು ಎಲ್ಲವನ್ನೂ ನೋಡಿದ್ದಿರಾ?

"ನಂಬಿಕೆ ಇಲ್ವಾ ಅತ್ತೆ?"

"ಇಲ್ಲ" ಎಂದಿರಿ. ಇಬ್ಬರೂ ನಕ್ಕೆವು. ನಿಮ್ಮ ನಗು ಸ್ವಲ್ಪ ಬೇಗ ಮುಗಿಯಿತು ಎಂದು ನನಗೆ ಈಗಲೂ ಅನುಮಾನ.

ನಿಮಗೆ ಗೊತ್ತಿಲ್ಲದ ಒಂದು ಸುದ್ದಿ ಹೇಳಬೇಕು. ಈ ನಲವತ್ತಾರರ ಪ್ರಾಯದಲ್ಲಿ ವಾರಕ್ಕೆರಡು ದಿನ ಬಸ್ಸು ಹತ್ತಿ ಪುತ್ತೂರಿನ ಈಜುಕೊಳಕ್ಕೆ ಹೋದೆ. ನಿಮ್ಮ ಮಗ ನಕ್ಕರು. ಮೊನ್ನೆ ಭಾನುವಾರ ಬೆಳಿಗ್ಗೆ, ಗಾಳಿ ಏಳುವ ಮೊದಲು, ಅವರನ್ನೇ ದಡದಲ್ಲಿ ನಿಲ್ಲಿಸಿ ಆ ಗುಂಡಿಯನ್ನು ಈಜಿ ದಾಟಿದೆ. ನಡುವೆ ಒಮ್ಮೆ ನಿಂತು ನೋಡೋಣವೆಂದು ಕಾಲು ಇಳಿಬಿಟ್ಟೆ. ನೆಲ ಸಿಗಲಿಲ್ಲ. ಉಸಿರು ಹಿಡಿದು ಇನ್ನಷ್ಟು ಕೆಳಗೆ ಹೋದೆ, ಆಗಲೂ ಸಿಗಲಿಲ್ಲ.

ಅಲ್ಲಿ ಎಷ್ಟು ಆಳ ಉಂಟೆಂದು ನಿಮಗೆ ಗೊತ್ತಿತ್ತು, ಅತ್ತೆ.

ನಿಮ್ಮ ಸೊಸೆ