ಗರಿ ಚಪ್ಪರದಲ್ಲಿ ಅಮ್ಮ

ಅಪ್ಪಾ,

ಇದನ್ನು ಯಾವ ವಿಳಾಸಕ್ಕೂ ಕಳಿಸುವಂತಿಲ್ಲ, ಆದರೂ ನಿನಗೆ ಹೇಳಲೇಬೇಕು. ನೀನಿಲ್ಲದ ಮೊದಲ ಸುಕ್ಕೋತ್ ಹಬ್ಬ, ವಾರವಿಡೀ ಎಲೆ ಚಪ್ಪರದಲ್ಲೇ ಉಣ್ಣುವ ನಮ್ಮ ಯಹೂದಿ ಹಬ್ಬ, ನಿನ್ನೆ ಮುಗಿಯಿತು. ಹೈಫಾದ ಮನೆಯ ಅಂಗಳದಲ್ಲಿ ಈ ಸಲ ನಾನೇ ಚಪ್ಪರ ಹಾಕಿದೆ. ಹೊದಿಸಿದ ಖರ್ಜೂರದ ಗರಿ ಸ್ವಲ್ಪ ಓರೆಯಾಗಿತ್ತು.

ಎಂದೂ ಚಪ್ಪರದಲ್ಲಿ ಕೂರದ ಅಮ್ಮ ಈ ಸಲವೂ, "ಯುದ್ಧ ನಡೀತಿರೋವಾಗ ಎಲೆ ಕೆಳಗೆ ಕೂತು ಉಣ್ಣೋ ಹುಚ್ಚು ನಿಮ್ಮಪ್ಪಂದೇ," ಅಂದು ಅಡುಗೆಮನೆಯಲ್ಲೇ ಉಳಿದಳು.

ಮೊದಲ ಸಂಜೆ ನಾನೂ ಪಕ್ಕದ ಮನೆಯ ಪ್ನಿನಾ ಆಂಟಿಯೂ ಚಪ್ಪರದಲ್ಲಿ ಊಟಕ್ಕೆ ಕೂತಿದ್ದೆವು. ಅಷ್ಟರಲ್ಲಿ ಸೈರನ್ ಕೂಗಿತು. ಅಮ್ಮನನ್ನೂ ಕರೆದುಕೊಂಡು ನೆಲಮಾಳಿಗೆಯ ಕಾಂಕ್ರೀಟ್ ಕೋಣೆಗೆ ಓಡಿದೆವು. ಎಲ್ಲೋ ದೂರದಲ್ಲಿ ಏನೋ ಸಿಡಿದು ಗೋಡೆ ಅದುರಿತು. ಅಮ್ಮ ನನ್ನ ಕೈ ಬಿಡಲಿಲ್ಲ.

ಅಪಾಯ ಕಳೆದ ಮೇಲೆ ಪ್ನಿನಾ ಆಂಟಿ, "ಇನ್ನು ಒಳಗೇ ಉಣ್ಣೋಣ ಕಣೇ," ಅಂದರು.

"ಬೇಡ," ಅಂದಳು ಅಮ್ಮ. "ಈ ಗೋಡೆ ಅದುರಿದ್ದು ನೋಡಿದ್ಯಲ್ಲ. ಯಾವುದೂ ಗಟ್ಟಿ ಅಲ್ಲ ಅಂತ ನೆನಪಿಟ್ಕೊಳ್ಳೋಕೇ ಈ ಹಬ್ಬ ಅಂತಿದ್ರು ಅವರು. ನಡಿ, ಹೊರಗೇ ಕೂರೋಣ."

ಆರಿದ ಸೂಪನ್ನೇ ಕುಡಿದಳು. ಗರಿಗಳ ಸಂದಿಯಲ್ಲಿ ಕಾಣುತ್ತಿದ್ದ ನಕ್ಷತ್ರಗಳನ್ನು ನೋಡಿ, "ಪ್ರತಿ ವರ್ಷ ಬಾ ಬಾ ಅಂತ ಕರೀತಿದ್ರು," ಅಂದಳು.

ಹಬ್ಬ ಮುಗಿಯುವವರೆಗೂ ಅಮ್ಮ ಒಂದು ಊಟವನ್ನೂ ಒಳಗೆ ಮಾಡಲಿಲ್ಲ, ಅಪ್ಪಾ.

ನಿನ್ನ ಮಗಳು,
ತಿರ್ಟ್ಸಾ