ಮೇ ತಿಂಗಳ ಸಮೀಕ್ಷೆ

ಕೆಂಚೇಶ್‌ಗೆ,

ನಿನ್ನ ಅವ್ವ ಕುರಿ ಮೇಯಿಸುವ ಗೋಮಾಳದಲ್ಲಿ ಯಾರೂ ಏನೂ ಮೇಯಿಸುವುದಿಲ್ಲ ಎಂದು ನೀನು ಸುಳ್ಳು ಬರೆದುಕೊಟ್ಟಿದ್ದೀಯ. ನಿನ್ನೆ ಜಗಳೂರಿಗೆ ಹೋಗಿ ಸೋಲಾರ್ ಪಾರ್ಕಿನ ವರದಿಯ ನಕಲು ತೆಗೆಸಿಕೊಂಡೆ. ‘ಐದು ದಿನಗಳ ವೀಕ್ಷಣೆಯಲ್ಲಿ ಒಂದು ಜಾನುವಾರೂ ಕಂಡುಬಂದಿಲ್ಲ, ಇನ್ನೂರು ಎಕರೆಯೂ ಬಳಕೆಯಲ್ಲಿಲ್ಲದ ಭೂಮಿ.’ ಕೆಳಗೆ ಕ್ಷೇತ್ರ ಸಹಾಯಕ ಎಂದು ನಿನ್ನ ಸಹಿ. ವೀಕ್ಷಣೆ ನಡೆದದ್ದು ಹೋದ ವರ್ಷದ ಮೇ ತಿಂಗಳ ಮೂರನೇ ವಾರ. ಅದೂ ‘ಸ್ಥಳೀಯ ಸಹಾಯಕರ ಸಲಹೆಯಂತೆ’.

ಬೇಸಿಗೆ ಭತ್ತ ಕೊಯ್ದ ಮೇಲೆ ನಿಮ್ಮ ಕಡೆಯ ಹಿಂಡುಗಳೆಲ್ಲ ಭದ್ರಾ ನಾಲೆಯ ಬಯಲಿಗೆ ಇಳಿದು, ತ್ಯಾವಣಿಗೆಯಿಂದ ಹೊನ್ನಾಳಿಯವರೆಗೆ ಗದ್ದೆಗಳಲ್ಲಿ ಗೊಬ್ಬರಕ್ಕೆ ಮಂದೆ ಹಾಕುವ ತಿಂಗಳು ಅದು. ಮಳೆ ಬಿದ್ದ ಮೇಲೆಯೇ ಅವು ಊರಿಗೆ ಮರಳುವುದು. ಸಮೀಕ್ಷೆಗೆಂದು ರಾಜಧಾನಿಯಿಂದ ಬಂದ ಇಂಜಿನಿಯರಿಗೆ ಇದು ತಿಳಿಯದಿರಬಹುದು. ನೀನು ಏಳು ವರ್ಷದವನಿದ್ದಾಗಿನಿಂದ ಪ್ರತಿ ಬೇಸಿಗೆ ಆ ಹಿಂಡಿನ ಹಿಂದೆ ನಮ್ಮ ಗದ್ದೆಗೆ ಬಂದವನು.

ಕಚೇರಿಯ ಗುಮಾಸ್ತ ನನಗೆ ಪಾಠ ಹೇಳಿದ. “ನೋಡಮ್ಮ, ಐದು ದಿನ ಹುಡುಕ್ಯಾರೆ, ಒಂದು ಹಿಕ್ಕೆನೂ ಸಿಕ್ಕಿಲ್ಲ. ಕುರಿ ಮೇದಿದ್ರೆ ಹಿಕ್ಕೆ ಹಾಕ್ತಿರಲಿಲ್ಲೇನು?” ಆ ಐದೂ ದಿನದ ಹಿಕ್ಕೆ ನಮ್ಮ ಗದ್ದೆಯಲ್ಲಿ ಬಿದ್ದಿತ್ತು ಸ್ವಾಮಿ, ಅದಕ್ಕೆಂದೇ ನಮ್ಮ ಅಬ್ಬ ಎರಡು ಚೀಲ ಭತ್ತ ಕೊಟ್ಟಿದ್ದರು ಎಂದೆ. ಅವನು ನಕ್ಕ. “ಹಂಗಾರೆ ತಕ್ಕೊಂಡು ಬಂದು ತೋರಿಸ್ರಿ.”

ಸರ್ಕಾರದ ಹೊಳೆಯುವ ಪುಸ್ತಕವನ್ನೂ ಕೊಟ್ಟ. ‘ಸ್ವಚ್ಛ ವಿದ್ಯುತ್, ಅಗ್ಗದ ವಿದ್ಯುತ್, ಎಲ್ಲರಿಗೂ ವಿದ್ಯುತ್.’ ಮುಖಪುಟದ ಮೇಲೆ ನಗುವ ಹೆಂಗಸು. ಅವಳ ಹೆಸರನ್ನೂ ಯಾರೂ ಕೇಳಿರಲಿಕ್ಕಿಲ್ಲ. ಅಗ್ಗ ಹೇಗಾಯಿತು ಎಂಬುದು ನಲವತ್ತು ಪುಟಗಳಲ್ಲಿ ಎಲ್ಲೂ ಇಲ್ಲ. ಕೇಳುವವರಿಲ್ಲದ ನೆಲ ಪುಕ್ಕಟೆ ಸಿಕ್ಕಿತು, ಅದಕ್ಕೇ ಅಗ್ಗ. ನಮ್ಮ ಬದುವಿನ ಮೇಲೆ ಕೂತು ಹತ್ತು ರೂಪಾಯಿಯ ಕಿರುಹೊತ್ತಿಗೆಗಳನ್ನು ಹಂಚಿಕೊಂಡು ಓದುತ್ತಿದ್ದಾಗ ನಾವು ಲೆಕ್ಕ ಹಾಕಿದ್ದು ನೆನಪಿದೆಯೇ? ಸೋಲಾರ್ ಫಲಕಗಳನ್ನು ನಾಲೆಯ ಮೇಲೆ ಹಾಸಬಹುದು, ಚನ್ನಗಿರಿಯ ಗೋದಾಮುಗಳ ಚಾವಣಿಗಳ ಮೇಲೆ ಹಾಸಬಹುದು ಎಂದು. ಬಿಸಿಲಿನಿಂದ ದೀಪ ಹತ್ತಬೇಕು ಎಂದು ನಾನು ಇವತ್ತೂ ಹೇಳುತ್ತೇನೆ. ಆದರೆ ಗೋದಾಮಿನ ಯಜಮಾನನ ಚಾವಣಿಗೆ ಅವನ ಒಪ್ಪಿಗೆ ಬೇಕು. ನಿನ್ನ ಅವ್ವ ಚೌಡಕ್ಕನ ಗೋಮಾಳಕ್ಕೆ ಒಂದು ಕ್ಯಾಲೆಂಡರ್ ಸಾಕಾಯಿತು, ಅದನ್ನು ಓದಿ ಹೇಳಲು ಅವಳ ಮಗನೂ ಸಿಕ್ಕಿದ. ಆ ಇಂಜಿನಿಯರಿನ ಮೇಲೆ ನನಗೆ ಸಿಟ್ಟೂ ಬರುವುದಿಲ್ಲ. ನಿನ್ನನ್ನು ನೆನೆದರೆ ಹೇಸಿಗೆಯಾಗುತ್ತದೆ.

ನಿನ್ನ ಅವ್ವ ಈಗ ನಮ್ಮ ಗದ್ದೆಯಲ್ಲೇ ಇದ್ದಾಳೆ, ತೊಂಬತ್ತು ಕುರಿಗಳ ಜೊತೆ. ಇವತ್ತು ಬೆಳಗ್ಗೆ ನನ್ನನ್ನು ನೋಡಿ, “ಯಾಕೆ ಮಸರತ್, ಮಾರಿ ಗಂಟಾಕ್ಕೊಂಡಿ? ನನ್ ಮಗ ಫೋನ್ ಎತ್ತಲ್ಲ ಅಂತ ನಿನಗೂ ಸಿಟ್ಟೇನು?” ಎಂದಳು. ಅವಳೇ ಮುಂದುವರಿಸಿದಳು: “ಅವನು ಬಿಸಿಲಾಗೆ ಕರೆಂಟ್ ಮಾಡಾಕೆ ಹೋಗ್ಯಾನೆ ಬಿಡು. ನಾನು ಹುಟ್ಟಿದಾಗಿಂದ ಬಿಸಿಲು ಕುಡುದೀನಿ, ಒಂದು ಬಲ್ಬೂ ಹತ್ಲಿಲ್ಲ ನೋಡು!” ಅಬ್ಬ, ಅಮ್ಮಿ ಎಲ್ಲರೂ ನಕ್ಕರು. ನನಗೆ ಆಗಲಿಲ್ಲ.

ಗೋಮಾಳಕ್ಕೆ ಬೇಲಿ ಬರುತ್ತದೆ ಎಂದು ಅವಳಿಗೆ ಹೇಳಿದ್ದೇನೆ. “ಬರ್ಲಿ, ಮಳೆಗಾಲಕ್ಕೆ ನಾವು ಹೋಗ್ತೀವಲ್ಲ, ಕುರಿ ನೋಡಿದ್ರೆ ಅವರೇ ಜಾಗ ಬಿಡ್ತಾರೆ” ಎನ್ನುತ್ತಾಳೆ. ಜಗಳೂರು ಕಚೇರಿಯಲ್ಲಿ ಅಹವಾಲು ಕೇಳುವ ದಿನ ಕಳೆದರೆ ಯಾರೂ ಜಾಗ ಬಿಡುವುದಿಲ್ಲ. ಮಳೆಗಾಲದಲ್ಲಿ ಹಿಂಡಿಗೆ ಹೋಗಲು ಬೇರೆ ನೆಲವಿಲ್ಲ. ತೊಂಬತ್ತನ್ನೂ ಸಂತೆಗೆ ಹೊಡೆಯಬೇಕು. ನಾನು ಹೊರಗಿನವಳು, ತ್ಯಾವಣಿಗೆಯವಳು. ನನ್ನ ಮಾತನ್ನು ಅಲ್ಲಿ ಬರೆದುಕೊಳ್ಳುವುದೂ ಇಲ್ಲ. ಸಹಿ ಮಾಡಿದವನೇ ಎದ್ದು ನಿಂತು ‘ಆ ತಿಂಗಳು ಕುರಿ ಇರುವುದಿಲ್ಲವೆಂದು ಗೊತ್ತಿದ್ದೇ ಹೇಳಿದೆ’ ಎಂದರೆ ಮಾತ್ರ ವರದಿ ಬೀಳುತ್ತದೆ. ನಿನ್ನ ಕೆಲಸ ಹೋಗುತ್ತದೆ. ಹೋಗಲಿ.

ಆ ಸಹಿ ಯಾರದೆಂದು ಅವಳಿಗೆ ಹೇಳಿಲ್ಲ. ನಾನು ಹೇಳುವುದೂ ಇಲ್ಲ, ಅದು ನಿನ್ನ ಬಾಯಿಂದಲೇ ಬರಬೇಕು. ಅಷ್ಟರೊಳಗೆ ದೇವರು ನಿನಗೆ ಒಂದಿಷ್ಟು ನಾಚಿಕೆ ಕೊಡಲಿ, ಅದನ್ನು ಹೊರುವ ಬೆನ್ನನ್ನೂ ಕೊಡಲಿ.

ಅಹವಾಲು ಹನ್ನೊಂದು ಗಂಟೆಗೆ. ನಾನೂ ನಿನ್ನ ಅವ್ವನೂ ಮೊದಲ ಬಸ್ಸಿಗೆ ಬರುತ್ತೇವೆ. ಜೂನ್ ಎರಡು, ಸೋಮವಾರ, ಬೆಳಗ್ಗೆ ಒಂಬತ್ತೂವರೆ, ಜಗಳೂರು ಬಸ್ ನಿಲ್ದಾಣ.

ಮಸರತ್